ಪೌಡರ್ ಮುಚ್ಚಳದ ಮೇಲೆ ನಾಲ್ಕು ಗೆಲುವು

ಹತ್ತು ದಿನದ ರಜೆಯಲ್ಲಿ ನನ್ನ ಹೆಂಡತಿಯನ್ನು ತಿದ್ದಿ ತೀಡಿ ಹೊಸ ಮನುಷ್ಯಳನ್ನಾಗಿ ಮಾಡಿಬಿಡುತ್ತೇನೆ ಎಂದು ನಾನು ಪಣ ತೊಟ್ಟದ್ದು ಒಂದು ಸೋಮವಾರ. ಗಂಡಂದಿರು ಇಂಥ ಪಣ ತೊಡುವ ಮೊದಲು ಎರಡು ಲೋಟ ತಣ್ಣೀರು ಕುಡಿದು ಮಲಗಬೇಕು. ನಾನು ಕುಡಿದದ್ದು ಕಾಫಿ.

ನನ್ನ ಅರ್ಹತೆ ಏನೆಂದು ಕೇಳುವಿರಾ? ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕುಳಿತಿದ್ದೇನೆ. ವರ್ಷಕ್ಕೊಮ್ಮೆ ಪ್ರತಿಯೊಬ್ಬ ಮೆಕ್ಯಾನಿಕ್ಕಿನ ಬಗ್ಗೆಯೂ ಒಂದು ಪುಟ ಬರೆಯುವುದು ನನ್ನ ಕೆಲಸ. ಅದರಲ್ಲಿ ಮೂರು ಕಲಂ: ಶೈಲಿ, ಬಲಗಳು, ಸುಧಾರಿಸಿಕೊಳ್ಳಬೇಕಾದ ಅಂಶಗಳು. ನನಗೆ ಲಿಫ್ಟಿನ ಬಾಗಿಲು ತೆರೆಯಲು ಯಾವ ಗುಂಡಿ ಒತ್ತಬೇಕೆಂದು ಈಗಲೂ ಗೊಂದಲವಿದೆ. ಆದರೆ ಇಷ್ಟು ವರ್ಷದಲ್ಲಿ ಮೂರನೆಯ ಕಲಂ ಖಾಲಿ ಬಿಟ್ಟು ಒಬ್ಬನನ್ನೂ ಮನೆಗೆ ಕಳಿಸಿದವನಲ್ಲ.

ಬಳಸದ ರಜೆ ಕರಗಿಹೋಗುತ್ತದೆಂದು ಮೇಲಧಿಕಾರಿ ನನ್ನನ್ನು ಮನೆಗೆ ಅಟ್ಟಿದರು. ಮನೆಯಲ್ಲಿ ಮೌಲ್ಯಮಾಪನಕ್ಕೆ ಸಿಕ್ಕುವ ಸಿಬ್ಬಂದಿ ಒಬ್ಬಳೇ. ಅವಳಿಗೆ ದೊಡ್ಡಾಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಗ್ಗೆ ಏಳಕ್ಕೆ ಹೋದರೆ ಮೂರಕ್ಕೆ ಮನೆ. ಕೈಕಾಲು ತೊಳೆದು, ಹಾಲು ಒಲೆಗಿಟ್ಟು, ನಾಲ್ಕು ಗಂಟೆಗೆ ಸರಿಯಾಗಿ ಅಡುಗೆಮನೆಯ ಮೇಜಿನ ಮೇಲೆ ಟ್ಯಾಬ್ ಒರಗಿಸಿಕೊಂಡು ಚೆಸ್ ಆಡಲು ಕೂರುತ್ತಾಳೆ. ಆನ್‌ಲೈನ್ ಚೆಸ್, ಅದರಲ್ಲೂ ಮೂರು ನಿಮಿಷದ್ದು. ಒಬ್ಬೊಬ್ಬರಿಗೂ ಇಡೀ ಆಟಕ್ಕೆ ಮೂರೇ ನಿಮಿಷ. ಯಾರ ಗಡಿಯಾರ ಮೊದಲು ಸೊನ್ನೆಗೆ ಬರುತ್ತದೋ ಅವರು ಸೋತಂತೆ, ರಾಣಿ ಇರಲಿ, ಆನೆ ಇರಲಿ, ಇಡೀ ಸೈನ್ಯವೇ ಇರಲಿ.

ಅವಳು ಆಡುವುದು ಒಬ್ಬನೊಂದಿಗೇ, ದಿನಕ್ಕೆ ಮೂರು ಆಟ. ಅವನ ಹೆಸರು ತೆರೆಯ ಮೇಲೆ ‘ಪೌಡರ್ ಮುಚ್ಚಳ’ ಎಂದಿತ್ತು. ಇವಳ ಹೆಸರು ‘ಎರಡನೇ ಕುರ್ಚಿ’. ಕೆಲಸವಿಲ್ಲದವರು ಇಟ್ಟುಕೊಳ್ಳುವ ಹೆಸರುಗಳೆಂದು ನಾನು ನಕ್ಕೆ. ಆ ಪೌಡರ್ ಮುಚ್ಚಳ ಯಾರೆಂದು ಆಗ ನನಗೆ ಗೊತ್ತಿರಲಿಲ್ಲ. ನಿಮ್ಮಿಂದ ಮುಚ್ಚಿಡುವುದೇನು, ಈಗಲೇ ಹೇಳಿಬಿಡುತ್ತೇನೆ: ಅವನು ನನ್ನ ಭಾವಮೈದುನ, ಇವಳ ಒಬ್ಬನೇ ತಮ್ಮ.

ನಮ್ಮ ಮಾವನವರದು ಕಟಿಂಗ್ ಶಾಪ್. ಅಂಗಡಿಯಲ್ಲಿ ಎರಡು ಕುರ್ಚಿ, ಎರಡನೆಯದು ಮುರಿದದ್ದು. ಶಾಲೆ ಮುಗಿಸಿ ಬಂದ ಅಕ್ಕ ತಮ್ಮ ಅದರ ಮೇಲೆ ಹಲಗೆ ಇಟ್ಟುಕೊಂಡು ಚೆಸ್ ಆಡುತ್ತಿದ್ದರು. ಒಂದು ಬಿಳಿ ಕುದುರೆ ಕಳೆದುಹೋಗಿ ಪೌಡರ್ ಡಬ್ಬಿಯ ಮುಚ್ಚಳವೇ ಕುದುರೆಯಾಯಿತಂತೆ. ಈ ವಿಷಯ ಗೊತ್ತಿದ್ದವರು ಜಗತ್ತಿನಲ್ಲಿ ಮೂರು ಜನ. ಒಬ್ಬರು ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಉಳಿದಿಬ್ಬರು ಅಂದಿನಿಂದ ಮಾತು ಬಿಟ್ಟರು.

ಮಾವನವರಿಗೆ ಆಪರೇಷನ್ ಮಾಡಿಸೋಣ ಎಂದು ತಮ್ಮ ಹಟ ಹಿಡಿದಿದ್ದ. ನನಗೆ ಬೇಡಮ್ಮ ಎಂದು ಮಾವ ಇವಳ ಕೈ ಹಿಡಿದುಕೊಂಡಿದ್ದರು. ಅಪ್ಪನ ರಕ್ತದ ರಿಪೋರ್ಟನ್ನು ಸ್ವತಃ ತೆಗೆದವಳು ಇವಳು, ಆಪರೇಷನ್ನಿನಿಂದ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ಬೇಡ ಎಂದಳು. ಹದಿನೆಂಟು ದಿನಕ್ಕೆ ಅವರು ಹೋದರು. ಆಸ್ಪತ್ರೆಯ ಕಾರಿಡಾರಿನಲ್ಲಿ ತಮ್ಮ ಒಂದೇ ಮಾತು ಹೇಳಿದ: “ನೀನು ಅಪ್ಪನ್ನ ಬಿಟ್ಟುಕೊಟ್ಟುಬಿಟ್ಟೆ ಅಕ್ಕ.” ಆ ಮಾತಿನ ಮೇಲೆ ಅವಳು ಇನ್ನೊಂದು ಮಾತಾಡಲಿಲ್ಲ. ಅವನ ಹೆಸರೆತ್ತಿದರೆ ಎದ್ದು ಹೋಗಿ ಬಟ್ಟೆ ಮಡಿಸತೊಡಗುತ್ತಿದ್ದಳು. ಆ ವರ್ಷ ನಮ್ಮ ಮನೆಯಲ್ಲಿ ಬಟ್ಟೆಗಳು ಬಹಳ ಅಚ್ಚುಕಟ್ಟಾಗಿದ್ದವು.

ಆಮೇಲೆ ಯಾವುದೋ ದಿನ ತೆರೆಯ ಮೇಲೆ ‘ಪೌಡರ್ ಮುಚ್ಚಳ’ ಎಂಬ ಹೆಸರು ಕಂಡಿದ್ದಾಳೆ. ಮೂರು ವರ್ಷ, ದಿನಾ ನಾಲ್ಕಕ್ಕೆ, ಒಂದಕ್ಷರ ಬರೆಯದೆ ಇಬ್ಬರೂ ಆಡಿದ್ದಾರೆ. ಒಂದೇ ಮನೆಯಲ್ಲಿದ್ದ ನನಗೆ ಇದರ ಸುಳಿವೂ ಇರಲಿಲ್ಲ. ನಾನೋ ಮಾನವ ಸಂಪನ್ಮೂಲದ ತಜ್ಞ.

ಸೋಮವಾರದಿಂದ ಬುಧವಾರದವರೆಗೆ ಅವಳ ಹಿಂದೆ ನಿಂತು ಟಿಪ್ಪಣಿ ಮಾಡಿಕೊಂಡೆ. ಶೈಲಿ: ಶಾಂತ, ಮೊದಲ ಹತ್ತು ನಡೆ ತರಕಾರಿ ಹೆಚ್ಚಿದಷ್ಟು ಸಲೀಸು. ಬಲಗಳು: ಕುದುರೆಯನ್ನು ಎಲ್ಲಿಗೆ ಬೇಕಾದರೂ ನುಗ್ಗಿಸುತ್ತಾಳೆ, ಎದುರಾಳಿಯ ರಾಜನನ್ನು ಮೂಲೆಗೆ ಒತ್ತುವುದರಲ್ಲಿ ಎತ್ತಿದ ಕೈ. ಮೂರನೆಯ ಕಲಮಿಗೆ ಬಂದಾಗ ನನ್ನ ಪೆನ್ನು ಕುಣಿಯಿತು. ಗೆಲುವು ಇನ್ನೇನು ಕೈಗೆ ಬಂತು ಎನ್ನುವಾಗ ಇವಳು ಕೈಕಟ್ಟಿ ಕೂತುಬಿಡುತ್ತಿದ್ದಳು. ಗಡಿಯಾರ ಸೊನ್ನೆಗಿಳಿಯುವುದನ್ನು ನೋಡುತ್ತಿದ್ದಳು. ಸೋಲುತ್ತಿದ್ದಳು. ಹಳೆಯ ದಾಖಲೆ ತೆಗೆದು ನೋಡಿದೆ. ಪೌಡರ್ ಮುಚ್ಚಳದ ವಿರುದ್ಧ ಮೂರು ಸಾವಿರ ಆಟಗಳ ಹತ್ತಿರ ಆಡಿದ್ದಾಳೆ. ಗೆಲುವು ಒಂದೂ ಇಲ್ಲ.

“ಗೆಲ್ಲೋ ಆಟ ಯಾಕೆ ಬಿಟ್ಟೆ?” ಎಂದೆ.

“ಟೈಮ್ ಆಗೋಯ್ತು.”

“ಇನ್ನೂ ಹದಿನೆಂಟು ಸೆಕೆಂಡ್ ಇತ್ತು. ಆನೆ ಒಂದು ಮನೆ ಮುಂದಕ್ಕೆ ಹೋಗಿದ್ರೆ ಮುಗೀತಿತ್ತು ಅಂತ ಟ್ಯಾಬೇ ತೋರಿಸ್ತಿದೆ.”

“ಹದಿನೆಂಟು ಸೆಕೆಂಡಲ್ಲಿ ಹಾಲು ಉಕ್ಕುತ್ತೆ ರೀ. ಒಲೆ ಆರಿಸಿ ಹೋಗಿ.”

“ನಿನಗೆ ಗೆಲ್ಲೋ ಛಲ ಇಲ್ಲ. ಅದೇ ನಿನ್ನ ದೊಡ್ಡ ದೋಷ.”

“ಇಲ್ಲ ಅಂತಲೇ ಬರ್ಕೊಳ್ಳಿ,” ಎಂದು ಟ್ಯಾಬ್ ಮುಚ್ಚಿದಳು. ಮುಚ್ಚುವಾಗ ಅವಳ ಮುಖದಲ್ಲಿ ಸೋತವರ ಬೇಸರ ಕಾಣಲಿಲ್ಲ. ಮಗುವಿಗೆ ಉಣಿಸಿ ಎದ್ದವರ ಮುಖ ಅದು. ಕಣ್ಣಿದ್ದವರಿಗೆ ಅಷ್ಟು ಸಾಕಿತ್ತು. ನನಗಿದ್ದದ್ದು ಪೆನ್ನು ಮಾತ್ರ.

ಗುರುವಾರ ಅವಳ ಸಹೋದ್ಯೋಗಿ ರಜೆ ಹಾಕಿದ್ದರಿಂದ ಇವಳಿಗೆ ರಾತ್ರಿ ಎಂಟರವರೆಗೂ ಡ್ಯೂಟಿ. ಲ್ಯಾಬಿನಲ್ಲಿ ಫೋನನ್ನು ಆಫ್ ಮಾಡಿ ಬೀಗದ ಪೆಟ್ಟಿಗೆಯಲ್ಲಿಡಬೇಕು. ನಾಲ್ಕು ಗಂಟೆಗೆ ಅಡುಗೆಮನೆಯಲ್ಲಿ ಟ್ಯಾಬ್ ಟಿಂಗ್ ಎಂದಿತು. ಪೌಡರ್ ಮುಚ್ಚಳ ಆಟಕ್ಕೆ ಕರೆಯುತ್ತಿದ್ದ.

ಸುಧಾರಣೆ ಎಂದರೆ ಏನೆಂದು ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ! ಆದರೆ ನನ್ನ ಆಟದ ಮಟ್ಟ ನನಗೆ ಗೊತ್ತು. ಒಂಟೆ ಓರೆಯಾಗಿ ಹೋಗುತ್ತದೆ ಎನ್ನುವಲ್ಲಿಗೆ ನನ್ನ ವಿದ್ಯೆ ಮುಗಿಯುತ್ತದೆ. ಹಾಗಾಗಿ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು, ಚೆಸ್ ಆಡುವ ಪ್ರೋಗ್ರಾಮನ್ನು ಅದರ ಅತಿ ಬುದ್ಧಿವಂತ ಮಟ್ಟಕ್ಕೆ ಏರಿಸಿದೆ. ಅವನು ಇಟ್ಟ ನಡೆಯನ್ನು ಅಲ್ಲಿ ಒತ್ತುವುದು, ಅದು ಹೇಳಿದ ನಡೆಯನ್ನು ಇಲ್ಲಿ ಒತ್ತುವುದು. ಬಿಸಿಬಿಸಿ ಇಸ್ತ್ರಿ ಮಾಡಿದಂತೆ ಅವನನ್ನು ಹತ್ತೊಂಬತ್ತು ನಡೆಯಲ್ಲಿ ಮಟ್ಟಸ ಮಾಡಿದೆ. ಎರಡನೆಯ ಆಟ ಇಪ್ಪತ್ತೆರಡು ನಡೆ. ಮೂರನೆಯದು ಹದಿನೇಳು. ದಿನಕ್ಕೆ ಮೂರೇ ಆಡುವವನು ಅಂದು ನಾಲ್ಕನೆಯದಕ್ಕೂ ಕರೆದ. ಅದರಲ್ಲಿ ಅವನು ಗೆಲ್ಲಲು ನೋಡುತ್ತಿರಲಿಲ್ಲ, ಏನೋ ಒಂದು ನಡೆ ಇಟ್ಟು ಕಾಯುತ್ತಿದ್ದ. ಗೆಲ್ಲುವ ಹೊತ್ತಿಗೆ ಇವಳ ಹಾಗೆ ಕೈಕಟ್ಟಿ ನಿಲ್ಲುತ್ತಾರೇನೋ ಎಂದು ನೋಡುತ್ತಿದ್ದನೆಂದು ಈಗ ತಿಳಿಯುತ್ತದೆ. ನಾನು ನಿಲ್ಲಲಿಲ್ಲ. ಚೆಕ್‌ಮೇಟ್ ಕೊಟ್ಟು ಕುರ್ಚಿಯಿಂದ ಎದ್ದು ನಿಂತೆ.

ಆಗ ಕೆಳಗೆ ಅಕ್ಷರಗಳು ಮೂಡಿದವು. ಮೂರು ವರ್ಷದಲ್ಲಿ ಮೊದಲನೆಯ ಸಲ.

“ಯಾರು ಆಡ್ತಿರೋದು? ಅವಳಿಗೇನಾಯ್ತು?”

ಸೋತವನು ತತ್ತರಿಸುತ್ತಿದ್ದಾನೆ ಎಂದು ನನಗೆ ಪರಮಾನಂದವಾಯಿತು. ಭಾಷೆ ಸ್ವಲ್ಪ ಘನವಾಗಿರಲಿ ಎಂದು ಯೋಚಿಸಿ ಬರೆದೆ: “ನೀವು ದಿನಾ ಸೋಲಿಸುತ್ತಿದ್ದ ಆ ಹೆಂಗಸು ಇನ್ನಿಲ್ಲ.” ಸಹಿಯಿಲ್ಲದ ಪತ್ರ ಹೊರಗೆ ಹೋಗಬಾರದೆಂಬುದು ನಮ್ಮ ಕಚೇರಿಯ ನಿಯಮ. ಹಾಗಾಗಿ ಕೆಳಗೆ “ಇಂತಿ, ಆಕೆಯ ಪತಿ” ಎಂದು ಸೇರಿಸಿದೆ.

ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿತು. ನಾನು ಸಿಳ್ಳೆ ಹಾಕುತ್ತಾ ಅನ್ನಕ್ಕಿಟ್ಟೆ.

ಏಳೂವರೆಗೆ ಬಾಗಿಲು ಬಡಿದ ಸದ್ದು. ತೆರೆದರೆ ಭಾವಮೈದುನ! ಅವನ ಕನ್ನಡಕದಂಗಡಿ ಇರುವ ಊರು ರೈಲಿನಲ್ಲಿ ಎರಡೂವರೆ ಗಂಟೆ ದೂರ. ಅಂಗಡಿಯ ಕೋಟನ್ನೂ ಕಳಚದೆ ಬಂದಿದ್ದ, ಜೇಬಿನಲ್ಲಿ ಗಾಜು ಒರೆಸುವ ಬಟ್ಟೆ ನೇತಾಡುತ್ತಿತ್ತು. ಒಳಗೆ ಬಂದವನೇ ನನ್ನನ್ನು ತಬ್ಬಿಕೊಂಡು ಹೆಗಲ ಮೇಲೆ ಅಳತೊಡಗಿದ. ನಾಲ್ಕು ವರ್ಷದ ಮುನಿಸು ಕರಗಿದೆ, ರಾಜಿಗೆ ಬಂದಿದ್ದಾನೆ ಎಂದು ನನಗೂ ಕಣ್ಣು ತುಂಬಿತು.

“ಎಷ್ಟೊತ್ತಿಗೆ ಹೋದ್ಲು ಭಾವ?”

“ಬೆಳಗ್ಗೆ ಏಳಕ್ಕೆ.”

“ಕೊನೇಲಿ ಏನಾದ್ರೂ ಹೇಳಿದ್ಲಾ?”

“ಅಕ್ಕಿ ನೆನೆಹಾಕಿ ಅಂದ್ಲು.”

ಅವನು ಇನ್ನೂ ಜೋರಾಗಿ ಅತ್ತ. “ನೋವಿತ್ತಾ?”

“ಸೊಂಟ ಹಿಡ್ಕೊಂಡಿದೆ ಅಂತಿದ್ಲು. ನಾನು, ಮುಲಾಮು ಹಚ್ಕೊಂಡು ಹೋಗು ಅಂದೆ.”

“ನನಗ್ಯಾಕೆ ಒಂದು ಮಾತು ಹೇಳಲಿಲ್ಲ?”

“ಇದರಲ್ಲಿ ಹೇಳೋದೇನಪ್ಪ? ದಿನಾ ಹೋಗೋದೇ ಅಲ್ವಾ?”

ಅವನು ನನ್ನ ಮುಖ ನೋಡಿದ. ದುಃಖದಲ್ಲಿ ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡನಂತೆ. ನನ್ನ ಕೈ ಹಿಡಿದು ಸೋಫಾದ ಮೇಲೆ ಕೂರಿಸಿದ. “ಈಗೆಲ್ಲಿದ್ದಾಳೆ?”

“ಆಸ್ಪತ್ರೇಲೇ. ಎಂಟಕ್ಕೆ ಬಿಡ್ತಾರೆ.”

“ನಾನು ಹೋಗಿ ಕರ್ಕೊಂಡು ಬರ್ತೀನಿ.”

“ಬೇಡ, ಆಸ್ಪತ್ರೆ ವ್ಯಾನಲ್ಲೇ ಮನೆ ತನಕ ಬಿಡ್ತಾರೆ. ನೀನು ಊಟ ಮಾಡು.”

ಅವನು ಊಟ ಮಾಡಲಿಲ್ಲ, ಎಂಟು ದಾಟುವವರೆಗೂ ಅಳುತ್ತಲೇ ಕೂತಿದ್ದ. ಅಂಗೈಯಿಂದ ಕಣ್ಣೊರೆಸಿಕೊಂಡು ಹೇಳಿದ, “ಅವಳ ಫೋನಿಗೆ ಮಾಡಿದೆ ಭಾವ. ನಾಲ್ಕು ವರ್ಷ ಆದ್ಮೇಲೆ. ಆಫ್ ಆಗಿತ್ತು. ನಿಮಗೆ ಮಾಡೋಕೆ ಧೈರ್ಯ ಬರಲಿಲ್ಲ, ನೀವು ಹೌದು ಅಂದ್ಬಿಟ್ರೆ ಅಂತ.” ಹಾಗೆಂದು ತನ್ನ ಫೋನು ತೆಗೆದು ನನ್ನ ಮುಂದೆ ಹಿಡಿದ. ಅದರಲ್ಲಿ ನನ್ನದೇ ಘನವಾದ ವಾಕ್ಯ, ನನ್ನದೇ ಸಹಿ. ‘ಇನ್ನಿಲ್ಲ’ ಎಂಬ ಪದವನ್ನು ನಾನು ಕನ್ನಡದಲ್ಲಿ ಆಗ ಮೊದಲ ಬಾರಿಗೆ ಓದಿದೆ. ಬಾಯಿ ತೆರೆಯುವಷ್ಟರಲ್ಲಿ ಹೊರಗೆ ವ್ಯಾನು ನಿಂತಿತು.

ಅವಳು ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಒಳಗೆ ಬಂದಳು. ತಮ್ಮನನ್ನು ಕಂಡಳು. ಅವನ ಕೆಂಪು ಕಣ್ಣು ಕಂಡಳು. ಮುಖ ಬಿಳುಚಿಕೊಂಡಿತು.

“ಯಾರು ಹೋದ್ರೋ?” ಎಂದಳು.

“ನೀನು,” ಎಂದ.

ಅವಳು ನಿಂತಲ್ಲೇ ಗೋಡೆಗೊರಗಿದಳು. ನಾನು ಎಲ್ಲವನ್ನೂ ಹೇಳಿದೆ. ಲ್ಯಾಪ್‌ಟಾಪ್, ನಾಲ್ಕು ಆಟ, ಸಂದೇಶ. ಹೇಳಿ ಮುಗಿಸಿದ ಮೇಲೆ ಯಾರಾದರೂ ನನ್ನನ್ನು ಬೈಯಬಹುದೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರಿಬ್ಬರಿಗೂ ನಾನು ಕಾಣಿಸುತ್ತಲೇ ಇರಲಿಲ್ಲ.

“ಮೊದಲನೇ ಆಟದಲ್ಲೇ ನನಗೆ ಅನುಮಾನ ಬಂತು,” ಎಂದ ಅವನು. “ನೀನು ಗೆಲ್ಲಲ್ಲ. ಗೆಲ್ಲೋ ಹೊತ್ತಿಗೆ ಬಿಟ್ಟುಕೊಡ್ತೀಯ.”

“ನಿನಗೆ ಗೊತ್ತಿತ್ತಾ?”

“ಮೊದಲಿಂದ.”

“ಚಿಕ್ಕೋನಿದ್ದಾಗ ಸೋತ್ರೆ ಎರಡು ದಿನ ಆಟಕ್ಕೆ ಬರ್ತಿರಲಿಲ್ಲ ನೀನು,” ಎಂದಳು ಅವಳು, ತಪ್ಪೊಪ್ಪಿಕೊಳ್ಳುವವಳ ದನಿಯಲ್ಲಿ. “ಅದಕ್ಕೆ.” ಅವನು ತಲೆ ತಗ್ಗಿಸಿದ. ಕಾರಿಡಾರಿನಲ್ಲಿ ಆಡಿದ ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ ಎಂದು ನಾನು ಕಾದೆ. ಅವನು ಜೇಬಿನಲ್ಲಿ ನೇತಾಡುತ್ತಿದ್ದ ಬಟ್ಟೆಯನ್ನು ಮಡಿಸಿ ಒಳಗೆ ತುರುಕಿದ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳೂ ಕೇಳಲಿಲ್ಲ. “ಒಂಬತ್ತಕ್ಕೆ ರೈಲಿದೆ,” ಎಂದ. ಅವಳು ಒಂದು ಡಬ್ಬಿಯಲ್ಲಿ ಅನ್ನ ಕಟ್ಟಿಕೊಟ್ಟಳು. ನಾನು ಮಾಡಿದ ಅನ್ನ; ತಳ ಹಿಡಿದಿತ್ತು.

ಮರುದಿನ ಬೆಳಗ್ಗೆ ಚೆಸ್ಸಿನವರಿಂದ ನೋಟಿಸು ಬಂತು. ಯಂತ್ರದ ಸಹಾಯ ಪಡೆದು ಆಡಿದ್ದರಿಂದ ‘ಎರಡನೇ ಕುರ್ಚಿ’ಯ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಮೂರು ಸಾವಿರ ಆಟ ಸುಮ್ಮನೆ ಸೋತವಳನ್ನು, ಮೋಸದಿಂದ ಗೆದ್ದಳೆಂದು ಹೊರಗೆ ಹಾಕಿದರು. ಅವಳು ಹೊಸ ಖಾತೆ ತೆರೆದು ನಾಲ್ಕಕ್ಕೆ ಕೂತಳು. ಅವನ ಹಸಿರು ಚುಕ್ಕೆ ಉರಿಯುತ್ತಿತ್ತು. ಕರೆದಳು. ಅವನು ಒಪ್ಪಲಿಲ್ಲ. ಶನಿವಾರವೂ ಅಷ್ಟೇ, ಭಾನುವಾರವೂ ಅಷ್ಟೇ. ಫೋನಿನಲ್ಲಿ ಮಾತಾಡಿಬಿಡು ಎಂದೆ. “ಮಾತಾಡೋಕೆ ಬರೋ ಹಾಗಿದ್ರೆ ಮೂರು ವರ್ಷ ಯಾಕೆ ಆಡ್ತಿದ್ವಿ?” ಎಂದಳು.

ತಡೆಯಲಾರದೆ ಸೋಮವಾರ ಅವಳ ಎದುರಿಗೇ ನಾನೇ ಅವನಿಗೆ ಫೋನ್ ಮಾಡಿದೆ.

“ಯಾಕಪ್ಪ ಆಟಕ್ಕೆ ಬರ್ತಿಲ್ಲ? ಇಲ್ಲಿ ಕಾಯ್ತಾ ಕೂತಿದ್ದಾಳೆ.”

“ಹೇಗೆ ಬರ್ಲಿ ಭಾವ? ಅವಳು ಬಿಟ್ಟುಕೊಡೋದು ನನಗೆ ಗೊತ್ತು ಅಂತ ಈಗ ಅವಳಿಗೂ ಗೊತ್ತಾಯ್ತು. ಇನ್ನು ಅವಳು ಸೋತ್ರೆ ನಾನು ಹೇಗೆ ತಗೊಳ್ಲಿ?”

“ಹಾಗಾದ್ರೆ ಗೆಲ್ಲು ಅಂತ ಹೇಳ್ತೀನಿ ಅವಳಿಗೆ.”

“ಅವಳಿಗೆ ನನ್ನ ಗೆಲ್ಲೋಕೆ ಆಗಲ್ಲ ಭಾವ,” ಎಂದು ಇಟ್ಟುಬಿಟ್ಟ.

ಅವಳಿಗೆ ಎಲ್ಲ ಕೇಳಿಸಿತ್ತು. ಟ್ಯಾಬನ್ನು ಬೋರಲು ಹಾಕಿ ಬಟ್ಟೆಯ ಬುಟ್ಟಿ ಎಳೆದುಕೊಂಡಳು. ನನ್ನ ಅಂಗಿಯೊಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ನಾನು ಮುಂದೆ ಕೂತು, ತಪ್ಪಾಯಿತು, ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದೆಲ್ಲ ತೊದಲಿದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಮೂರು ವರ್ಷ ಒಂದು ಸಲವೂ ಗೆಲ್ಲದ ಹಾಗೆ ನೋಡ್ಕೊಂಡಿದ್ದೆ ರೀ,” ಎಂದಳು. “ನೀವು ಒಂದೇ ಸಂಜೇಲಿ ನಾಲ್ಕು ಸಲ ಗೆದ್ದುಬಿಟ್ರಿ.”