ಋಷಿಯ ಹಿಂದೆ ಲೈಟಿನ ಕಂಬ

ಲೆಕ್ಕ ಕಲಿಸುವವನಿಗೆ ಕಲೆ ಗೊತ್ತಿರಬೇಕೆಂದು ಯಾವ ನಿಯಮದಲ್ಲಿಯೂ ಬರೆದಿಲ್ಲ. ಆ ಧೈರ್ಯದ ಮೇಲೆಯೇ ನಾನು ಮಾಸ್ತರಿಕೆಗೆ ಸೇರಿದ್ದು. ಚಿತ್ರ ಎಂದರೆ ಗೋಡೆಯ ಮೇಲಿನ ಎಣ್ಣೆಯ ಕಲೆ ಮುಚ್ಚಲು ತೂಗುಹಾಕುವ ವಸ್ತು, ಸಂಗೀತ ಎಂದರೆ ರೇಡಿಯೋದಲ್ಲಿ ವಾರ್ತೆ ಬರುವ ತನಕ ಸಹಿಸಿಕೊಳ್ಳಬೇಕಾದದ್ದು, ಸಾಹಿತ್ಯ ಎಂದರೆ ಪಕ್ಕದ ಕೋಣೆಯಲ್ಲಿ ಕನ್ನಡ ಮಾಸ್ತರರು ಏರುದನಿಯಲ್ಲಿ ಮಾಡುವ ಕೆಲಸ. ಇಷ್ಟೇ ತಿಳಿವಳಿಕೆಯಲ್ಲಿ ನಾನು, ನನ್ನ ಹೆಂಡತಿ ವಿಮಲಾ ಸವಣೂರಿನಲ್ಲಿ ಸುಖವಾಗಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನನ್ನ ತಂದೆಯ ಅಕ್ಕ ಅಂಬಕ್ಕ, ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಮತ್ತು ಸಂಗೀತ ಕಲಿಸಿ ನಿವೃತ್ತಳಾಗಿ, ಒಂದು ಟ್ರಂಕು, ಒಂದು ಹಾರ್ಮೋನಿಯಂ ಸಮೇತ ನಮ್ಮಲ್ಲಿ ಇರಲು ಬಂದಳು. ಸುಖ ಅಲ್ಲಿಗೆ ಮುಗಿದು ಶಿಕ್ಷಣ ಶುರುವಾಯಿತು.

ಬಂದ ಮರುದಿನ ಬೆಳಿಗ್ಗೆ ಅತ್ತೆ ನಮ್ಮ ಪಡಸಾಲೆಯ ಕ್ಯಾಲೆಂಡರಿನ ಮುಂದೆ ನಿಂತಳು. ಕಿರಾಣಿ ಅಂಗಡಿಯವರು ಪುಕ್ಕಟೆ ಕೊಟ್ಟ, ವರ್ಷ ಮುಗಿದರೂ ತೆಗೆಯದ ಲಕ್ಷ್ಮಿ. ನಾನು ಕೈಮುಗಿಯುತ್ತಿದ್ದಾಳೆ ಎಂದುಕೊಂಡೆ. ಅವಳು ಎಣಿಸುತ್ತಿದ್ದಳು. "ನಾಕು ಕೈ ಇರಲೆಪ್ಪಾ, ನಾ ಬ್ಯಾಡನ್ನಂಗಿಲ್ಲ. ಆದರ ಅವು ಭುಜಕ್ಕ ಹತ್ತಿರಬೇಕೋ ಬ್ಯಾಡೋ? ಈ ಕೈ ನೋಡು, ಕಮಲದ ಒಳಗಿಂದ ಹೊಂಟದ" ಎಂದಳು. ಹೋಗಿ ನೋಡಿದೆ. ನಿಜ. ಎರಡು ವರ್ಷದಿಂದ ದಿನವೂ ಆ ದೇವಿಗೆ ನಮಸ್ಕಾರ ಮಾಡುತ್ತಿದ್ದ ನನಗೆ ಆಕೆಯ ಒಂದು ಕೈ ಪರಸ್ಥಳದ್ದು ಎಂದು ಹೊಳೆದಿರಲಿಲ್ಲ.

ಓಣಿಯಲ್ಲಿ ಎಲೆ ಮಾರುವವನು "ಎಲಿಯೇ ಎಲೀ" ಎಂದು ಕೂಗಿದರೆ ಅತ್ತೆ ಒಳಗಿನಿಂದಲೇ, "ಭೂಪ ರಾಗದಾಗ ಚಂದ ಹೊಂಟಿದ್ದ, ಕಡೀಕ ಅದರಾಗ ಇಲ್ಲದ ನಿಷಾದ ಯಾಕ ಹಚ್ಚಿದನೋ" ಎಂದು ಮರುಗುತ್ತಿದ್ದಳು. ಶಿಗ್ಗಾಂವಿ ಬಸ್ಸಿನ ಕಂಡಕ್ಟರ್ ಊರುಗಳ ಹೆಸರನ್ನು ಅಪ್ಪಟ ಷಟ್ಪದಿಯ ಗತಿಯಲ್ಲಿ ಕೂಗುತ್ತಾನೆಂದು ಮೆಚ್ಚಿಕೊಂಡು, ಆ ಮೆಚ್ಚುಗೆಯನ್ನು ಅವನಿಗೆ ತಿಳಿಸಿ, ಬಸ್ಸನ್ನು ತಡಮಾಡಿದ್ದಳು. ಒಂದು ರವಿವಾರ ನಾವು ಅವಳನ್ನು ಅಬಲೂರಿನ ಗುಡಿಗೆ ಕರೆದುಕೊಂಡು ಹೋದಾಗ, ಕಲ್ಲನ್ನು ತಿರುಗಿಸಿ ತಿರುಗಿಸಿ ಕಡೆದ ಕಂಬವೊಂದರ ನುಣುಪನ್ನು ವಿಮಲಾಳ ಕೈಹಿಡಿದು ಮುಟ್ಟಿಸಿ ತೋರಿಸಿದಳು. ನನ್ನ ಕೈ ಬುತ್ತಿಗಂಟಿನ ಮೇಲೆ ಇದ್ದುದರಿಂದ ನನಗೆ ತೋರಿಸಲಿಲ್ಲ. ಆದರೆ ಒಂದು ಮಾತು ಹೇಳಬೇಕು. ಅತ್ತೆ ಯಾರನ್ನೂ ಹೀಯಾಳಿಸಲು ಇದನ್ನೆಲ್ಲ ಆಡುತ್ತಿರಲಿಲ್ಲ. ಹಸಿದವರು ಊಟ ನೋಡಿದ ಹಾಗೆ ಅವಳು ಲೋಕವನ್ನು ನೋಡುತ್ತಿದ್ದಳು. ಅವಳು ಬಂದ ಮೇಲೆ ವಿಮಲಾ ರಂಗೋಲಿ ಹಾಕುವಾಗ ಎರಡು ಹೆಜ್ಜೆ ಹಿಂದೆ ಸರಿದು ನೋಡುವುದನ್ನು ಕಲಿತಳು. ನಾನೊಬ್ಬನೇ ಕಲಿಯದೆ ಉಳಿದದ್ದು.

ಆ ವರ್ಷ ನಮ್ಮ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಮಾಸ್ತರರೇ ಸೇರಿ ನಾಟಕ ಆಡಬೇಕೆಂದು ತೀರ್ಮಾನವಾಯಿತು. ನಾಟಕ ಬರೆದವರು ಸ್ವತಃ ನಮ್ಮ ಹೆಡ್‌ಮಾಸ್ತರರಾದ ಪಾಟೀಲ ಸರ್. ಕಾಡಿನಲ್ಲಿ ಒಬ್ಬ ಋಷಿ. ಅವನನ್ನು ಆಸ್ಥಾನಕ್ಕೆ ಕರೆಯಲು ರಾಜ ಆಶ್ರಮಕ್ಕೆ ಬರುತ್ತಾನೆ. ಋಷಿ ಕಾಡಿನ ಸೊಬಗನ್ನು ವರ್ಣಿಸಿ, ಇದನ್ನು ಬಿಟ್ಟು ಬರಲಾರೆ ಎನ್ನುತ್ತಾನೆ. ಇಷ್ಟೇ ಕಥೆ, ವರ್ಣನೆ ಮಾತ್ರ ಧಾರಾಳ. ಸರ್ ಅದನ್ನು ಬೇಸಿಗೆ ರಜೆಯಿಡೀ ಕೂತು ಬರೆದಿದ್ದರು. ನೋಡಲು ಶಿಕ್ಷಣಾಧಿಕಾರಿಗಳು ಬರುವವರಿದ್ದರು, ಜೊತೆಗೆ ಸರ್ ಅವರ ಹೊಸ ಬೀಗರು ಹಿರೇಕೆರೂರಿನಿಂದ ಬರುವವರಿದ್ದರು. ಅಧಿಕಾರಿಗಳಿಗಿಂತ ಬೀಗರ ಚಿಂತೆಯೇ ಅವರಿಗೆ ಹೆಚ್ಚಾಗಿತ್ತು. ಋಷಿಯ ಪಾತ್ರ ಡ್ರಿಲ್ ಮಾಸ್ತರರದು. ಪರದೆ, ಗ್ಯಾಸ್‌ಲೈಟು, ಹಗ್ಗ, ಗೂಟ ಇವುಗಳ ವ್ಯವಸ್ಥೆ ನನ್ನದು, ಕಲೆಗೆ ಸಂಬಂಧಪಡದ ವಿಭಾಗವೆಂದು.

ಹುಬ್ಬಳ್ಳಿಯ ಅಂಗಡಿಯೊಂದರಿಂದ ಕಾಡಿನ ಪರದೆ ಬಾಡಿಗೆಗೆ ಹೇಳಿದ್ದೆವು. ರೈಲಿನಲ್ಲಿ ಬಂದ ಸುರುಳಿಯನ್ನು ಯಲವಿಗಿ ಸ್ಟೇಷನ್ನಿನಿಂದ ನಾನೇ ತಂದೆ. ಗ್ಯಾದರಿಂಗಿನ ದಿನ ಬೆಳಿಗ್ಗೆ ರಂಗದ ಮೇಲೆ ಬಿಚ್ಚಿದೆವು. ಮೊದಲು ಕಂಡದ್ದು ಒಂದು ಗಡಿಯಾರದ ಗೋಪುರ. ಆಮೇಲೆ ಮೂರು ಮಾಳಿಗೆಯ ಮನೆಗಳ ಸಾಲು. ಪೂರ್ತಿ ಇಳಿದಾಗ ರಸ್ತೆಯ ಮೇಲೆ ಒಂದು ಮೋಟಾರು, ಅದರ ಪಕ್ಕಕ್ಕೆ ಎತ್ತರವಾದ ಲೈಟಿನ ಕಂಬ. ಗಿಡವೆಂಬುದು ಒಂದು ಮನೆಯ ಕಿಟಕಿಯ ಕುಂಡದಲ್ಲಿ ಮಾತ್ರ ಇತ್ತು.

ಪಾಟೀಲ ಸರ್ ಕುರ್ಚಿಯ ಮೇಲೆ ಕೂತುಬಿಟ್ಟರು. "ಏನ್ರೀ ಮಾಸ್ತರ, ಕಾಡು ತರ್ರಿ ಅಂದ್ರ ಪ್ಯಾಟಿ ತಂದೀರಲ್ರಿ! ಬೀಗರ ಮುಂದ ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?" ಎಂದರು. ಪೋಸ್ಟಾಫೀಸಿನಿಂದ ಫೋನು ಮಾಡಿ ಕೇಳಿದರೆ ಅಂಗಡಿಯವರ ಕಡೆ ಕಾಡು ಉಳಿದಿರಲಿಲ್ಲ. ಎಲ್ಲ ಕಾಡುಗಳೂ ಬೇರೆ ಊರಿನ ನಾಟಕಗಳಿಗೆ ಹೋಗಿದ್ದವು. ಸರ್ ಎದ್ದು ನಿಂತರು. "ಹಸರ ಬಣ್ಣ ತರಿಸ್ರಿ. ಕಂಬಕ್ಕ ಎಲಿ ಬರೀರಿ, ಗಿಡ ಆಕ್ಕೈತಿ. ಮನಿಗೆಲ್ಲಾ ಬಳ್ಳಿ ಹಬ್ಬಸ್ರಿ. ಮೋಟಾರಕ್ಕ ಕೊಂಬು ಬರದ್ರ ಕೋಣ ಆಕ್ಕೈತಿ. ನಿಮ್ಮ ಅತ್ತಿಯಾರು ಚಿತ್ರ ಬರೀತಾರಲ್ಲ, ಕರಕೊಂಡು ಬರ್ರಿ" ಎಂದರು. ನಾನು ಮನೆಗೆ ಓಡಿದೆ.

ಅತ್ತೆ ಬಂದಳು. ಬ್ರಷ್ ಕೈಗೆ ಕೊಟ್ಟರೆ ಅದನ್ನು ನನಗೇ ತಿರುಗಿ ಕೊಟ್ಟು, ಪರದೆಯ ಮುಂದೆ ನಿಂತಳು. ಹತ್ತಿರ ಹೋದಳು, ದೂರ ಬಂದಳು.

"ಯಾರು ಬರದಾರಿದನ್ನ?" ಎಂದು ಕೇಳಿದಳು.

"ಯಾರೋ ಪರದೆ ಬರಿಯವ್ರು ಇರ್ಬೇಕ್ರಿ ಬಾಯಾರ" ಎಂದರು ಸರ್.

"ಬೆಳಕು ನೋಡ್ರಿ ಸರ್. ಎಡಗಡೆಯಿಂದ ಬರ್ಲಿಕ್ಕತ್ತದ. ಒಂದು ಮನಿ ನೆರಳರೆ ದಿಕ್ಕು ತಪ್ಪೇದೇನು ಹೇಳ್ರಿ. ಆ ಕಡೀಕಿನ ಕಿಟಕಿಯೊಳಗ ನೋಡ್ರಿ, ಒಬ್ಬಾಕಿ ಕೂದಲಾ ಒಣಗಿಸ್ಕೋತ ನಿಂತಾಳ. ಹಿಂದಿನ ಸಾಲಿನವರಿಗೆ ಆಕಿ ಕಾಣೂದೂ ಇಲ್ಲ. ಆದರೂ ಬರದಾನ. ತನ್ನ ಸಮಾಧಾನಕ್ಕ ಬರದಾನ. ಇದರ ಮ್ಯಾಲೆ ನಾ ಬಣ್ಣ ಬಳಿಯೂದಿಲ್ಲ, ಯಾರಿಗೂ ಬಳಿಗೊಡೂದಿಲ್ಲ."

ಸರ್ ಅವರ ದನಿ ಅಳುವಿಗೆ ಹತ್ತಿರವಾಗಿತ್ತು. "ಹಂಗಾರ ಋಷಿ ಹಿಂದ ಲೈಟಿನ ಕಂಬ ಹೆಂಗ ನಿಂದರತೈತಿ ಹೇಳ್ರಿ ನೀವ."

"ಕಂಬ ಅಲ್ಲೇ ಇರ್ಲಿ. ಋಷಿನ್ನ ಪ್ಯಾಟಿಗೆ ಕರಕೊಂಡು ಬರೂಣು" ಎಂದಳು ಅತ್ತೆ. "ಮೊದಲ ನನಗ ನಾಟಕ ಓದಿ ಹೇಳ್ರಿ."

ಸರ್ ಒಲ್ಲದ ಮನಸ್ಸಿನಿಂದ ಓದತೊಡಗಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದಳು. ಕಾಡಿನ ವರ್ಣನೆ ಬಂದಾಗ ತಾಲೀಮಿನಲ್ಲಿ ನಾವೆಲ್ಲ ಹೊರಗೆ ಚಹಾಕ್ಕೆ ಹೋಗುತ್ತಿದ್ದೆವು; ಅವಳು ಅದನ್ನೇ ಎರಡನೆಯ ಸಲ ಓದಿಸಿದಳು. ಆಮೇಲೆ ಹೇಳಿದಳು: "ಮಾತು ಭಾಳ ಚಲೋ ಅವ, ಒಂದೂ ತಗೀಬ್ಯಾಡ್ರಿ. ಆದರ ಗಿಡದ ಮುಂದ ನಿಂತು ಗಿಡದ ಮಾತಾಡಿದರ ಅದು ವರದಿ ಆಗ್ತದ. ಕಂಬದ ಮುಂದ ನಿಂತು ಗಿಡ ನೆನಸಿಕೊಂಡರ ಕಾವ್ಯ ಆಗ್ತದ. ನಿಮ್ಮ ಋಷಿ ರಾಜಾನ ಹುಡಿಕ್ಕೋತ ಪ್ಯಾಟಿಗೆ ಬಂದಾನ. ಯಾರೂ ದಾರಿ ಹೇಳವಲ್ರು. ಆವಾಗ ಅವಗ ತನ್ನ ಕಾಡು ನೆನಪಾಗ್ತದ. ತಿರುಗಿ ಹೋಗಿಬಿಡ್ತಾನ. ಮಾತು ನಿಮ್ಮವೇ, ನಿಂತ ಜಾಗಾ ಅಷ್ಟೇ ಬ್ಯಾರೆ."

ಸರ್ ಎದ್ದು ಪರದೆಯ ಹತ್ತಿರ ಹೋಗಿ ಕಂಬವನ್ನು ನೋಡಿದರು. ಬಳಿಕ ಕನ್ನಡಕ ತೆಗೆದು ಒರೆಸಿಕೊಂಡು, "ನನ್ನ ಮನಸಿನ್ಯಾಗೂ ಹಂಗ ಇತ್ರಿ ಬಾಯಾರ. ಬರೀವಾಗ ಯಾಕೋ ತಪ್ಪಿ ಕಾಡಿಗೆ ಹೋತು" ಎಂದರು.

ಸಂಜೆ ನಾಟಕ ಶುರುವಾಯಿತು. ಅತ್ತೆ ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸುತ್ತಿದ್ದಳು. ಡ್ರಿಲ್ ಮಾಸ್ತರರು ಗಡ್ಡ ಜಟೆಗಳಲ್ಲಿ ಕಂಬದ ಕೆಳಗೆ ನಿಂತು ಬೆರಗಿನಿಂದ ಮೇಲೆ ನೋಡಿದರು. ಜನ ಮೊದಲು ನಕ್ಕರು. ಆದರೆ ಅವರು ಮೆಲ್ಲಗೆ "ನನ್ನ ಆಶ್ರಮದ ಬಾಗಿಲಲ್ಲಿ ಒಂದು ಹೊಂಗೆಯ ಮರವಿತ್ತು" ಎಂದು ತೊಡಗಿದಾಗ, ಅತ್ತೆ ಒಂದೇ ಒಂದು ಸ್ವರವನ್ನು ಹಿಡಿದು ಬಿಡದೆ ನುಡಿಸುತ್ತ ಹೋದಳು. ಪೆಂಡಾಲಿನಲ್ಲಿ ಮಕ್ಕಳ ಗದ್ದಲ ಕೂಡ ನಿಂತಿತು. ನಾನೂ ಹಗ್ಗದ ಕೆಲಸ ಮರೆತು ನಿಂತುಬಿಟ್ಟೆ. ಯಾವಾಗಲೋ ಬಿಟ್ಟುಬಂದ ಊರಿನ ಬಾವಿಕಟ್ಟೆ ಕಣ್ಣಿಗೆ ಕಟ್ಟಿತು. ತಿಂಗಳುಗಟ್ಟಲೆ ಇದೇ ಮಾತುಗಳು ಬಂದಾಗ ನಾನು ಆಕಳಿಸುತ್ತ ಚಹಾಕ್ಕೆ ಎದ್ದುಹೋಗಿದ್ದೆ.

ನಾನು ಮರೆತದ್ದು ಹಗ್ಗಕ್ಕೆ ತಿಳಿಯಿತು. ಗಾಳಿ ಬೀಸಿ ಗೂಟ ಸಡಿಲವಾಗಿ, ಗಡಿಯಾರದ ಗೋಪುರ ಋಷಿಯ ತಲೆಯ ಕಡೆ ವಾಲಿತು. ಹಿಂದುಮುಂದು ನೋಡದೆ ಓಡಿಹೋಗಿ ಪರದೆಯ ಅಂಚನ್ನು ಎರಡೂ ಕೈಯಿಂದ ಹಿಡಿದೆ. ಹಿಡಿದ ಮೇಲೆ ನೋಡುತ್ತೇನೆ, ರಂಗದ ನಡುವೆ, ಎಲ್ಲರ ಮುಂದೆ, ಪ್ಯಾಂಟು ಶರ್ಟಿನಲ್ಲಿ ನಿಂತಿದ್ದೇನೆ. ಡ್ರಿಲ್ ಮಾಸ್ತರರು ಧೈರ್ಯಗೆಡಲಿಲ್ಲ. ನನ್ನತ್ತ ತಿರುಗಿ, "ಅಯ್ಯಾ ನಗರವಾಸಿಯೇ, ಅರಮನೆಗೆ ದಾರಿ ಯಾವುದು?" ಎಂದು ಕೇಳಿದರು.

"ನನಗೇನೂ ಗೊತ್ತಿಲ್ರಿ! ನಾ ಇಲ್ಲಿ ಲೆಕ್ಕದ ಮಾಸ್ತರ!" ಎಂದು ಒದರಿದೆ.

ಪೆಂಡಾಲು ಹಾರಿಹೋಗುವಷ್ಟು ನಗೆ, ಚಪ್ಪಾಳೆ. ಹಿರೇಕೆರೂರಿನ ಬೀಗರು ಎದ್ದು ನಿಂತು ನಕ್ಕರಂತೆ. ಕೊನೆಯಲ್ಲಿ ಅತ್ತೆ ಹೇಳಿಕೊಟ್ಟ ಹಾಗೆ ಪಾಟೀಲ ಸರ್ ರಂಗದ ಮೇಲೆ ಬಂದು, "ಈ ಪರದೆ ಬರೆದ ಕಲಾವಿದರು ಯಾರೋ ನಮಗೆ ತಿಳಿಯದು. ಅವರಿಗೂ ಒಂದು ಚಪ್ಪಾಳೆ" ಎಂದರು. ಆಗ ಅತ್ತೆ ಹಾರ್ಮೋನಿಯಂ ಬಿಟ್ಟು ಎದ್ದು, ಪರದೆಯ ಕಡೆ ತಿರುಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದಳು.

ಮರುದಿನ ಬಜಾರದಲ್ಲಿ ನನಗೆ ನಡೆದಾಡುವುದೇ ಕಷ್ಟವಾಯಿತು. "ಏನ್ ಆ್ಯಕ್ಟಿಂಗ್ರಿ ಸರ! ಅದೇನು ಗಾಬರಿ, ಅದೇನು ಮಾರಿ!" ಎಂದು ಖಾರದ ತಿಂಡಿಯ ಅಂಗಡಿಯವರು ಒಂದು ಪೊಟ್ಟಣ ಪುಕ್ಕಟೆ ಕಟ್ಟಿಕೊಟ್ಟರು. ಅತ್ತೆಯನ್ನು ಕೇಳಿದೆ. ಅವಳೂ ಗಂಭೀರವಾಗಿ, "ಅಷ್ಟು ಸಹಜ ನಟನೆ ನಾ ನೋಡಿಲ್ಲಪಾ" ಎಂದಳು. ನನ್ನೊಳಗೆ ಒಬ್ಬ ಕಲಾವಿದ ಇಷ್ಟು ವರ್ಷ ಸುಮ್ಮನೆ ಕೂತಿದ್ದನೆಂದು ನನಗೆ ಆವತ್ತು ಖಾತ್ರಿಯಾಯಿತು.

ಮುಂದಿನ ವರ್ಷ ಪಾಟೀಲ ಸರ್ ನನಗಾಗಿಯೇ ಒಂದು ಪಾತ್ರ ಬರೆದರು. ಒಂದೇ ಮಾತು: "ನನಗೆ ಗೊತ್ತಿಲ್ಲ." ನಾನು ಕನ್ನಡಿಯ ಮುಂದೆ ನಿಂತು ಅದನ್ನು ತಿಂಗಳುಗಟ್ಟಲೆ ತಾಲೀಮು ಮಾಡಿದೆ. ಹುಬ್ಬು ಏರಿಸಿ ಹೇಳಿದೆ, ಇಳಿಸಿ ಹೇಳಿದೆ, ಕೈ ಚಾಚಿ ಹೇಳಿದೆ. ಅತ್ತೆ ಕಲಿಸುತ್ತೇನೆಂದು ಬಂದರೆ, "ಅತ್ಯಾ, ಇದರಾಗ ನನಗ ಹೇಳಿಕೊಡೂದು ಏನೂ ಉಳಿದಿಲ್ಲ" ಎಂದೆ. ನಾಟಕದ ದಿನ ರಂಗಕ್ಕೆ ಹೋಗಿ, ಎದೆಯುಬ್ಬಿಸಿ, ನಾಲ್ಕೂ ದಿಕ್ಕಿಗೆ ಕೇಳುವ ಹಾಗೆ ಹೇಳಿದೆ. ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಮನೆಗೆ ಬರುವಾಗ ನಾನೇ ತಡೆಯಲಾರದೆ, "ಎಲ್ಲಿ ಕೆಟ್ಟಿತು ಅತ್ಯಾ?" ಎಂದು ಕೇಳಿದೆ.

"ಎಲ್ಲಾ ಬರೋಬ್ಬರಿ ಇತ್ತೋ. ಆದರ ಈ ಸಲ, ಗೊತ್ತಿಲ್ಲ ಅನ್ನುವಾಗ ನಿನಗ ಭಾಳ ಗೊತ್ತಿದ್ದಂಗ ಕಾಣತಿತ್ತು" ಎಂದಳು.