ಕಡಲದಂಡೆಯ ಒಂದೇ ಒಂದು ಫೋಟೋ

ಗಂಡನಾದವನಿಗೆ ಹೆಂಡತಿಯ ನಗುವಿನ ಮೇಲೆ ಆಸೆಯಾದದ್ದೇ ಫಜೀತಿಗೆ ಕಾರಣವಾಯಿತು ಎಂದರೆ ಯಾರೂ ನಂಬಲಾರರು. ಲೋಥಾರನ ವಿಷಯದಲ್ಲಿ ಹಾಗೇ ಆಯಿತು.

ಬಾಲ್ಟಿಕ್ ಕಡಲಿನ ನಮ್ಮ ದಂಡೆಯಲ್ಲಿ ಬೇಸಿಗೆ ಬಂತೆಂದರೆ ಜನ ಬಟ್ಟೆ ಕಳಚಿಟ್ಟು, ದೇವರು ಕೊಟ್ಟ ಮೈಯಲ್ಲೇ ಬಿಸಿಲು ಕಾಯುತ್ತಾರೆ, ಈಜುತ್ತಾರೆ, ಹೊಗೆ ಹಾಕಿದ ಮೀನು ತಿನ್ನುತ್ತಾರೆ. ಅದರಲ್ಲಿ ನಾಚಿಕೆಯೂ ಇಲ್ಲ, ಹೆಚ್ಚುಗಾರಿಕೆಯೂ ಇಲ್ಲ. ಮರಳ ಮೇಲೆ ಎಲ್ಲರೂ ಎಲ್ಲರಿಗೂ ‘ನೀನು’. ಅದೇ ಜನ ಊರೊಳಗೆ ಬಟ್ಟೆ ತೊಟ್ಟು ಎದುರಾದರೆ ‘ನೀವು’. ಕಟ್ಟಳೆ ಇರುವುದು ಒಂದೇ: ಕ್ಯಾಮೆರಾ ತರಕೂಡದು. ತಂದವನು ಕಿಟಕಿಯಲ್ಲಿ ಇಣುಕುವವನಿಗೆ ಸಮ.

ಹೀಗಾಗಿ ಮದುವೆಯಾದಂದಿನಿಂದ ಪ್ರತಿ ಬೇಸಿಗೆ ಬಂದರೂ ಲೋಥಾರ್ ಮತ್ತು ಗಿಜೆಲಾಳ ಬಳಿ ದಂಡೆಯ ಒಂದು ಚಿತ್ರವೂ ಇರಲಿಲ್ಲ. ಮನೆಯ ಆಲ್ಬಮ್ಮಿನಲ್ಲಿದ್ದ ಗಿಜೆಲಾ ಕೊರಳಿನವರೆಗೆ ಗುಂಡಿ ಹಾಕಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಸರದಿ ಕಾಯುವವಳ ಹಾಗೆ ಕೂತಿದ್ದಳು. ಮರಳಿಗೆ ಬಂದಾಗ ಮಾತ್ರ ತಲೆ ಹಿಂದಕ್ಕೆ ಚೆಲ್ಲಿ, ಭುಜ ಕುಲುಕಿಸಿ ನಗುತ್ತಿದ್ದಳು. ಆ ದಂಡೆಯನ್ನು ಈಗ ಹೊಸ ಹೋಟೆಲಿನವರು ಕೊಂಡಿದ್ದರು. ಬರುವ ವರ್ಷದಿಂದ ಅಲ್ಲಿ ಬಟ್ಟೆಯವರದೇ ರಾಜ್ಯ. ಇದೇ ಕೊನೆಯ ದಿನ. ಆ ನಗುವೊಂದನ್ನಾದರೂ ಉಳಿಸಿಕೊಳ್ಳೋಣವೆಂದು ಲೋಥಾರ್ ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ತಂದ.

ಪಕ್ಕದಲ್ಲಿ ಮಲಗಿದ್ದ ಹಾಯ್ನೋ ಒಂದು ಕಣ್ಣು ತೆರೆದ. ದಂಡೆಯ ಕಾವಲಿಗೆ ತನ್ನನ್ನು ತಾನೇ ನೇಮಿಸಿಕೊಂಡವನು ಅವನು.

“ಏನಪ್ಪಾ ಲೋಥಾರ್, ಟವೆಲಿಗೂ ಚರ್ಮದ ಪಟ್ಟಿ ಬರತ್ತಾ ಈಗ?”

“ನನ್ನ ಹೆಂಡತೀದು ಒಂದೇ ಒಂದು ಫೋಟೋ, ಹಾಯ್ನೋ. ಅಷ್ಟೇ.”

“ಕಳ್ಳರೆಲ್ಲ ಅಷ್ಟೇ ಅಂತಾನೇ ಶುರುಮಾಡೋದು.”

ಹಾಯ್ನೋನ ಹೆಂಡತಿ ವಾಲ್ಟ್ರೌಟ್ ಎದ್ದು ಬಂದಳು. ಆಚೆ ಕಡೆಯಿಂದ ವಿಧವೆ ಫ್ರೀಡಾ ತಿನ್ನುತ್ತಿದ್ದ ಸೌತೆಕಾಯಿಯ ಸಮೇತ ಬಂದಳು. ನಡುಮರಳಿನಲ್ಲಿ ಪಂಚಾಯ್ತಿ ಕೂತಿತು. ಲೋಥಾರ್ ಕ್ಯಾಮೆರಾವನ್ನು ಹೊಟ್ಟೆಗೆ ಅವುಚಿಕೊಂಡು, ಬೆಕ್ಕಿನ ಮರಿ ಕದ್ದವನಂತೆ ನಿಂತ.

“ನಾಳೆಯಿಂದ ಈ ಜಾಗಾನೇ ಇಲ್ಲ, ಇನ್ನು ಕಟ್ಟಳೆ ಯಾರಿಗೆ?” ಎಂದಳು ಫ್ರೀಡಾ. “ಆದ್ರೆ ಒಬ್ಬಳದೇ ತೆಗೆದ್ರೆ ಅದು ಇಣುಕು. ಎಲ್ಲರದೂ ತೆಗೆದ್ರೆ ನೆನಪು. ನಾವೂ ನಿಂತ್ಕೋತೀವಿ.”

ಲೋಥಾರನಿಗೆ ಬೇಕಿದ್ದದ್ದು ಒಬ್ಬಳೇ. ಆದರೂ ತಲೆಯಾಡಿಸಿದ. ಕ್ಯಾಮೆರಾ ಸರಿಯಿದೆಯೋ ನೋಡುತ್ತೇನೆಂದು ಹಾಯ್ನೋ ಕಸಿದುಕೊಂಡು ಕಡಲಹಕ್ಕಿಗಳಿಗೆ ಗುರಿಯಿಟ್ಟು ಟಕಟಕನೆ ಒತ್ತಿದ. ಅವನು ಹಿಡಿದದ್ದು ಸರಿಯಿಲ್ಲವೆಂದು ವಾಲ್ಟ್ರೌಟ್ ತನ್ನ ಹೆಬ್ಬೆರಳಿನದೇ ಹಲವು ಚಿತ್ರ ತೆಗೆದಳು. ಲೋಥಾರನ ಕೈಗೆ ಮರಳಿದಾಗ ರೋಲಿನಲ್ಲಿ ಉಳಿದದ್ದು ಒಂದೇ ಚಿತ್ರ.

“ಇರು, ತಯಾರಾಗಿ ಬರ್ತೀವಿ,” ಎಂದು ಎಲ್ಲರೂ ಗುಡಾರಗಳ ಕಡೆ ಹೋದರು. ಗಿಜೆಲಾಳೂ ಹೋದಳು. ತಲೆ ಬಾಚಿಕೊಳ್ಳಲಿಕ್ಕೆ ಇರಬೇಕೆಂದುಕೊಂಡ ಲೋಥಾರ್, ಬಿಯರ್ ಕ್ರೇಟಿನ ಮೇಲೆ ಕ್ಯಾಮೆರಾ ಕೂರಿಸಿ ಕಾದ. ಬಿಸಿಲು ಇಳಿಯತೊಡಗಿತು.

ಬಂದವರನ್ನು ನೋಡಿ ಅವನಿಗೆ ಗುರುತೇ ಹತ್ತಲಿಲ್ಲ. ಹಾಯ್ನೋ ಕೋಟು, ಟೈಯಲ್ಲಿದ್ದ. ವಾಲ್ಟ್ರೌಟಳ ಟೊಪ್ಪಿಯ ಮೇಲೆ ಹಣ್ಣಿನ ಬುಟ್ಟಿಯಿತ್ತು. ಫ್ರೀಡಾ ಚರ್ಚಿಗೆ ಹೊರಟ ಕಪ್ಪು ಉಡುಪಿನಲ್ಲಿದ್ದಳು. ಗಿಜೆಲಾ ಕೊರಳಿನವರೆಗೆ ಗುಂಡಿ ಹಾಕಿದ್ದಳು.

“ಇದೇನು ಗಿಜೆಲಾ?”

“ಫೋಟೋ ಅಲ್ವಾ? ಮನೆಗೆ ಬಂದೋರೆಲ್ಲ ನೋಡ್ತಾರೆ. ಹೇಗೆಂದ್ರೆ ಹಾಗೆ ನಿಂತ್ಕೊಳ್ಳೋಕೆ ಆಗತ್ತಾ?”

“ಇಷ್ಟು ವರ್ಷ ಇದ್ದ ಹಾಗೆ ಇರೀಂತ ತಾನೇ ನಾನು ಕೇಳಿದ್ದು?”

“ಇರೋದು ಬೇರೆ, ಫೋಟೋಕ್ಕೆ ನಿಲ್ಲೋದು ಬೇರೆ,” ಎಂದ ಹಾಯ್ನೋ ಟೈ ಸರಿಮಾಡಿಕೊಳ್ಳುತ್ತ. “ನೀವೂ ಏನಾದ್ರೂ ಹಾಕ್ಕೊಳ್ಳಿ, ಶ್ರೀಮಾನ್ ಬ್ರಾಂಟ್.”

ಸ್ವಲ್ಪ ಹೊತ್ತಿನ ಹಿಂದಷ್ಟೇ ‘ಏನಪ್ಪಾ’ ಎಂದಿದ್ದವನ ಬಾಯಲ್ಲಿ ಈ ‘ನೀವು’, ಈ ಮನೆತನದ ಹೆಸರು ಕೇಳಿ ಲೋಥಾರನಿಗೆ ಅಳು ಬಂದಂತಾಯಿತು. ದಂಡೆ ನಾಳೆ ಹೋಗುವುದಿರಲಿ, ಇಂದೇ ಹೋಗಿಬಿಟ್ಟಿತ್ತು.

“ನಾನು ಮಾತ್ರ ಹಾಕ್ಕೊಳ್ಳಲ್ಲ,” ಎಂದ.

ಬಟ್ಟೆ ತೊಟ್ಟಿದ್ದೇ ತಡ, ಸ್ಥಾನಮಾನಗಳೂ ಬಂದವು. ನಡುವೆ ಯಾರು ನಿಲ್ಲಬೇಕೆಂದು ಜಗಳ ಹತ್ತಿತು. “ನೀವು ಸ್ವಲ್ಪ ಸರೀತೀರಾ?” “ನನ್ನ ಗಂಡ ತಪಾಲು ಕಚೇರೀಲಿ ಮೇಲಧಿಕಾರಿ, ಗೊತ್ತಿರಲಿ,” ಎಂದಳು ವಾಲ್ಟ್ರೌಟ್. “ಗೊತ್ತಿದೆ, ನಮ್ಮ ಪತ್ರಗಳೆಲ್ಲ ಕಳೆದುಹೋಗ್ತಿದ್ದದ್ದು ಅದಕ್ಕೇ ತಾನೇ?” ಎಂದಳು ಫ್ರೀಡಾ. ಕೊನೆಗೆ ಗಿಜೆಲಾಳನ್ನೇ ನಡುವೆ ನಿಲ್ಲಿಸಿ ರಾಜಿಯಾಯಿತು. ಅವಳು ತುಟಿ ಬಿಗಿಹಿಡಿದು ನಿಂತಳು.

ಸೂರ್ಯ ನೀರಿಗೆ ತಾಗಿದ. ತಾನಾಗಿಯೇ ಚಿತ್ರ ತೆಗೆಯುವ ಗುಂಡಿಯನ್ನು ಒತ್ತಿದ ಲೋಥಾರ್, ಅವಳ ಪಕ್ಕ ಸೇರಿಕೊಳ್ಳಲು ಓಡಿದ. ಗರಿಗರಿ ಬಟ್ಟೆಯ ಗಣ್ಯರ ಕಡೆಗೆ, ಸುಲಿದ ಆಲೂಗಡ್ಡೆಯಂಥ ತನ್ನ ಗಂಡ ಎದ್ದು ಬಿದ್ದು ಓಡಿಬರುವುದನ್ನು ಗಿಜೆಲಾ ಕಂಡಳು. ಅವಳ ತುಟಿ ನಡುಗಿತು, ಭುಜ ಕುಲುಕಿತು. ತಲೆ ಹಿಂದಕ್ಕೆ ಚೆಲ್ಲಿ ಅವಳು ನಕ್ಕಳು. ಪ್ರತಿ ಬೇಸಿಗೆ ಈ ಮರಳ ಮೇಲೆ ನಗುತ್ತಿದ್ದಳಲ್ಲ, ಅದೇ ನಗು. ಅದೇ ಕ್ಷಣಕ್ಕೆ ಲೋಥಾರನ ಬೆನ್ನ ಹಿಂದೆ ಕ್ಯಾಮೆರಾ ಟಕ್ಕೆಂದಿತು. ದೇವರು ದೊಡ್ಡವನು ಎಂದುಕೊಂಡ ಲೋಥಾರ್.

ಚಳಿಗಾಲ ಹಿಡಿಯುವ ಹೊತ್ತಿಗೆ ಚಿತ್ರ ತೊಳೆದು ಬಂತು. ಅಡುಗೆಮನೆಯ ಮೇಜಿನ ಬಳಿ ಗಿಜೆಲಾ ಅದನ್ನು ಬೆಳಕಿಗೆ ಹಿಡಿದಳು. ಎಡಕ್ಕೆ ಹಾಯ್ನೋನ ಟೈ, ಬಲಕ್ಕೆ ಹಣ್ಣಿನ ಟೊಪ್ಪಿ, ಅದರಾಚೆ ಕಪ್ಪು ಉಡುಪು. ಎಲ್ಲಕ್ಕಿಂತ ಮುಂದೆ, ನಟ್ಟನಡುವೆ, ಬಾಗಿಲಿನಷ್ಟು ಅಗಲವಾಗಿ ಒಬ್ಬ ಗಂಡಸಿನ ಬರಿಯ ಬೆನ್ನು.

“ಇದ್ರಲ್ಲಿ ನಾನೆಲ್ಲಿ?” ಎಂದಳು.

“ನನ್ನ ಹಿಂದೆ,” ಎಂದ ಲೋಥಾರ್. “ನಗ್ತಾ ಇದೀಯ.”

ಚಿತ್ರವನ್ನು ಅವಳ ಕೈಯಿಂದ ತೆಗೆದುಕೊಂಡು ಮೆಲ್ಲಗೆ ಮಗುಚಿ ನೋಡಿದ. ಆ ಬದಿಯಲ್ಲಿ ಬಿಳಿಯ ಕಾಗದವಷ್ಟೇ ಇತ್ತು.