ಡೇರೆಯ ನಾಲ್ಕನೇ ಮೂಲೆ

ಉತ್ತರದ ಪರ್ವತಗಳು ನನಗೇನು ಹೊಸವೇ? ಇಪ್ಪತ್ತೆರಡು ವರ್ಷಗಳಿಂದ ಅವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಗಂಟೆ ಹೊಡೆದೊಡನೆ ಒರೆಸಿ ಹಾಕುತ್ತಿರುವ ಭೂಗೋಳದ ಮೇಷ್ಟ್ರು ನಾನು! ದಿನಕ್ಕೆ ನಾಲ್ಕು ಪೀರಿಯಡ್ ಪರ್ವತ ಅಳಿಸುವವನಿಗೆ ಅಲ್ಲೊಂದು ಡೇರೆ ಹಾಕುವುದು ಯಾವ ಮಹಾ ಕೆಲಸ?

ಈ ರಜೆಗೆ ಕಾರಿನಲ್ಲಿ ಅಲ್ಲಿಗೇ ಹೋಗುವುದು, ಮೂರು ರಾತ್ರಿ ಡೇರೆಯಲ್ಲೇ ಮಲಗುವುದು ಎಂದು ಘೋಷಿಸಿದೆ. ಹೊಲಿಗೆ ಅಂಗಡಿ ನಡೆಸುವ ನನ್ನ ಹೆಂಡತಿ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ಒಂದೇ ಷರತ್ತು ಹಾಕಿದಳು.

"ಮಲಗಿ ತೋರಿಸಿದ್ರೆ ಇನ್ಮೇಲೆ ರಜಾಕ್ಕೆ ಎಲ್ಲಿಗೆ ಅಂತ ನೀವೇ ಹೇಳಿ. ಆಗ್ಲಿಲ್ವೋ, ಪ್ರತಿ ರಜಾನೂ ಅಕ್ಕನ ಮನೆ."

ಅಕ್ಕನ ಮನೆ! ಅಲ್ಲಿ ನನ್ನ ಷಡ್ಡಕರು ತಮ್ಮ ಮೊಣಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂಳೆ ಮೂಳೆಯನ್ನೂ ಪರಿಚಯಿಸುತ್ತಾರೆ. ಹೋದ ಸಲ ಎಡಗಾಲು ಮುಗಿದಿತ್ತು. ಬಲಗಾಲು ಬಾಕಿಯಿದೆ.

ನೀಲಿ ಡೇರೆಯೊಂದನ್ನು ತಂದು ಹಾಲ್‌ನಲ್ಲಿ ತಾಲೀಮು ನಡೆಸಿದೆ. ಒಂದು ಹಗ್ಗ ಸೋಫಾದ ಕಾಲಿಗೆ, ಒಂದು ಕಿಟಕಿಯ ಸರಳಿಗೆ, ಮೂರನೆಯದು ಬಾಗಿಲ ಚಿಲಕಕ್ಕೆ, ನಾಲ್ಕನೆಯದು ಫ್ರಿಜ್ಜಿಗೆ. ಎಂಟೇ ನಿಮಿಷ! ಅರಮನೆಯಂತೆ ಎದ್ದು ನಿಂತಿತು. ನನ್ನಾಕೆ ಅದರ ಅಂಚನ್ನು ಬೆರಳಲ್ಲಿ ಸವರಿದಳು.

"ರೀ, ಅಂಚಿಗೆಲ್ಲ ಇಷ್ಟೊಂದು ಕುಣಿಕೆ ಹೊಲಿದಿದ್ದಾರಲ್ಲ, ಯಾಕೆ? ಗುಂಡಿ ಇಲ್ದೆ ಯಾವ ದರ್ಜಿನೂ ಕಾಜಾ ಮಾಡಲ್ಲ."

"ಅಲಂಕಾರಕ್ಕೆ ಕಣೇ!"

"ಮತ್ತೆ ಈ ಕಬ್ಬಿಣದ ಗೂಟಗಳು?"

"ಅಂಗಡಿಯವನು ಕೊಸರು ಹಾಕಿದ್ದಾನೆ" ಎಂದು ಹನ್ನೆರಡು ಗೂಟಗಳನ್ನೂ ಕುಂಡದ ಟೊಮ್ಯಾಟೊ ಗಿಡಗಳಿಗೆ ಆಸರೆಯಾಗಿ ನೆಟ್ಟೆ. ಗಿಡಗಳು ನನ್ನನ್ನು ಹರಸಿದಂತೆ ಕಂಡವು.

ಐದು ದಿನ ಕಾರು ಓಡಿಸಿದೆವು. ದಾರಿ ಮೇಲೇರಿದಂತೆ ಮರಗಳು ಕುಳ್ಳಾದವು, ಆಮೇಲೆ ಪೊದೆಗಳಾದವು, ಕೊನೆಗೆ ರಾಜೀನಾಮೆಯನ್ನೇ ಕೊಟ್ಟುಬಿಟ್ಟವು. ಉಳಿದದ್ದು ಹುಲ್ಲು, ಕಲ್ಲು, ಗಾಳಿ. ಕಾರಿನಿಂದ ಇಳಿದದ್ದೇ ನನ್ನ ಟೋಪಿ ಪಕ್ಕದ ಕಣಿವೆ ಸೇರಿತು. ನಾನು ಹಗ್ಗ ಹಿಡಿದು ಸುತ್ತಲೂ ನೋಡಿದೆ. ದೇವರೇ, ಇಷ್ಟು ದೊಡ್ಡ ಹಾಲ್, ಒಂದೇ ಒಂದು ಸೋಫಾ ಇಲ್ಲ!

"ಏನ್ರೀ ಹುಡುಕ್ತಿದ್ದೀರಾ?"

"ಫ್ರಿಜ್ಜು." ಬಾಯಿಂದ ಬಂದೇಬಿಟ್ಟಿತು.

ಆದರೆ ಮೇಷ್ಟ್ರಿಗೆ ಉಪಾಯಕ್ಕೆ ಬರವೇ? ಎರಡು ಹಗ್ಗ ಕಾರಿನ ಹಿಂಭಾಗಕ್ಕೆ ಬಿಗಿದೆ. ಮೂರನೆಯದನ್ನು ಒಂದು ಗುಂಡುಕಲ್ಲಿಗೆ ಸುತ್ತಿದೆ. ನಾಲ್ಕನೆಯದನ್ನು ಹೆಂಡತಿಯ ಕೈಗೆ ಕೊಟ್ಟು, ಕೆಳಗಿಳಿಸಿಟ್ಟಿದ್ದ ಬಟ್ಟೆಯ ಟ್ರಂಕಿನ ಮೇಲೆ ಕೂರಿಸಿದೆ.

"ಸ್ವಲ್ಪ ಹೊತ್ತು ಹಿಡ್ಕೊಂಡಿರು."

"ಮೂರು ರಾತ್ರಿ ಅನ್ನೋದು ಸ್ವಲ್ಪ ಹೊತ್ತಾ?"

ಸಂಜೆ ಬಿಸಿಲಲ್ಲಿ ಡೇರೆ ನಿಂತೇ ನಿಂತಿತು! ನನ್ನ ಕಣ್ಣು ತುಂಬಿ ಬಂತು. ಆಕೆ ಚಳಿಗೆ ಮುದುಡಿ, "ಒಂದು ಲೋಟ ಚಹಾ ಆದ್ರೂ ಸಿಗುತ್ತಾ?" ಎಂದಳು. ನೀರಿಗೆ ಕೆಳಗಿನ ತೊರೆಗೇ ಹೋಗಬೇಕು. "ಎರಡೇ ನಿಮಿಷ!" ಎಂದವನೇ ವೀರಾವೇಶದಿಂದ ಕಾರು ಹತ್ತಿ ಹೊರಟುಬಿಟ್ಟೆ.

"ರೀ! ರೀ!" ಎಂದು ಆಕೆ ಕೂಗಿದಳು. ಅಭಿಮಾನದ ಕೂಗೆಂದು ಕೈಬೀಸಿದೆ.

ಕನ್ನಡಿಯಲ್ಲಿ ನೋಡುತ್ತೇನೆ, ಭಾರಿ ನೀಲಿ ಮೃಗವೊಂದು ಬಾಯಿ ಕಳೆದು ಅಟ್ಟಿಸಿಕೊಂಡು ಬರುತ್ತಿದೆ! ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಪ್ರಾಣಿ! ವೇಗ ಹೆಚ್ಚಿಸಿದೆ, ಅದೂ ಹೆಚ್ಚಿಸಿತು. ತಿರುವಿನಲ್ಲಿ ತಿರುಗಿದೆ, ಅದೂ ತಿರುಗಿತು. ಕೊನೆಗೆ ರಸ್ತೆ ರಿಪೇರಿಯ ಮೇಸ್ತ್ರಿಯೊಬ್ಬರು ಕೆಂಪು ಬಾವುಟ ಅಡ್ಡ ಹಿಡಿದರು.

"ಸ್ವಾಮಿ, ನಿಮ್ಮ ಮನೆ ಹಿಂದೇನೇ ಓಡಿ ಬರ್ತಿದೆ. ಪಾಪ, ಹತ್ತಿಸಿಕೊಳ್ಳಿ."

ನಾನು ಮರಳಿದಾಗ ಡೇರೆಯಲ್ಲಿ ಗೋಡೆಗಿಂತ ಬಾಗಿಲುಗಳೇ ಹೆಚ್ಚಾಗಿದ್ದವು. ನನ್ನಾಕೆ ಟ್ರಂಕಿನ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದಳು, ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆ! ಬಲಗಾಲಿನ ಎಕ್ಸ್‌ರೇ ನನ್ನ ಕಣ್ಣೆದುರು ಬಂತು.

"ಸೋತೆ ಕಣೇ. ಅಕ್ಕನಿಗೆ ಯಾವತ್ತು ಬರ್ತೀವಿ ಅಂತ ಹೇಳಲಿ?"

ಆಕೆ ಕೈ ತೆಗೆದಳು. ನಕ್ಕು ನಕ್ಕು ಕಣ್ಣಲ್ಲಿ ನೀರು!

"ಹೀಗೆ ನಕ್ಕು ಎಷ್ಟು ವರ್ಷ ಆಗಿತ್ತು ರೀ! ಅಕ್ಕನ ಮನೇಲಿ ಇದೆಲ್ಲ ಸಿಗುತ್ತಾ? ಮುಂದಿನ ರಜಾನೂ ಇಲ್ಲಿಗೇ."

ನನ್ನ ಎದೆ ಮತ್ತೆ ಉಬ್ಬಿತು. ಆಕೆ ಹರಿದ ಡೇರೆಗೆ ಆಗಲೇ ಅಳತೆ ಟೇಪು ಹಿಡಿದಿದ್ದಳು.

"ಡೇರೆ ನಾನು ಹೊಲೀತೀನಿ. ಗೂಟ ನಾನು ತರ್ತೀನಿ. ಕಾರೂ ನಾನೇ ಓಡಿಸ್ತೀನಿ."

"ಮತ್ತೆ ನಾನು?"

ಆಕೆ ನಾಲ್ಕನೇ ಹಗ್ಗದ ತುದಿಯನ್ನು ನನ್ನ ಕೈಗಿಟ್ಟಳು.

"ನೀವು ಫ್ರಿಜ್ಜು!"